ಮರುಭೂಮಿಯ ಧೂಳಿನ ಲೆಕ್ಕ: ಉಪಗ್ರಹದ ಮಾತು ಕೇಳಬೇಕಾ, ನೆಲದ ಯಂತ್ರದ್ದಾ?

ತಮನ್‌ರಸೆಟ್ ಅನ್ನೋದು ಅಲ್ಜೀರಿಯಾದ ದಕ್ಷಿಣದ ಒಂದು ಊರು. ಸುತ್ತ ಸಹಾರಾ. ಅಲ್ಲಿ ಸೂರ್ಯನನ್ನೇ ನೋಡುತ್ತಾ ಕೂರುವ ಒಂದು ಪುಟ್ಟ ಯಂತ್ರವಿದೆ, ಹೆಸರು ಸನ್ ಫೋಟೋಮೀಟರ್. ಒಂದು ಬೆಳಗ್ಗೆ ಅದು ಗಾಳಿಯಲ್ಲಿರುವ ಧೂಳಿಗೆ 0.45 ಅಂತ ಅಂಕ ಕೊಟ್ಟಿತು ಎಂದಿಟ್ಟುಕೊಳ್ಳಿ. ಅದೇ ಹೊತ್ತಿಗೆ 700 ಕಿಲೋಮೀಟರ್ ಮೇಲೆ ಹಾದುಹೋದ ಉಪಗ್ರಹ ಅದೇ ಊರಿಗೆ 0.70 ಕೊಟ್ಟಿತು. ಯಾರ ಮಾತು ಕೇಳೋದು?

ನೆಲದ ಯಂತ್ರದ್ದು ಅಂತ ಕಣ್ಣುಮುಚ್ಚಿ ಹೇಳುವವರೇ ಜಾಸ್ತಿ. ಆ ಊರಿನ ಮಟ್ಟಿಗೆ ಬಹಳ ಸಲ ಅದು ಸರಿಯೂ ಹೌದು. ಆದರೆ ನಿಮಗೆ ಬೇಕಾಗಿರುವುದು ಆ ಊರಿನ ಧೂಳಾ, ಅಥವಾ ಸುತ್ತಲಿನ ಸಾವಿರ ಕಿಲೋಮೀಟರಿನದ್ದಾ? ಬೆಳಗಿನದ್ದಾ, ರಾತ್ರಿಯದ್ದಾ? ಉಸಿರಾಡುವ ಗಾಳಿಯದ್ದಾ, ಮೇಲೆ ತೇಲುವುದರದ್ದಾ? ಇದು ಗೊತ್ತಾಗದೆ ಯಂತ್ರ ಆರಿಸಲು ಹೊರಟರೆ ಸುಮ್ನೆ ತಲೆನೋವು.

ಮೊದಲು ಆ ಅಂಕ ಏನು ಅಂತ ನೋಡಿಬಿಡೋಣ. ಇದರ ಪೂರ್ತಿ ಹೆಸರು ಏರೋಸಾಲ್ ಆಪ್ಟಿಕಲ್ ಡೆಪ್ತ್. ಈ ಕೆಲಸದಲ್ಲಿರುವವರ ಬಾಯಲ್ಲಿ ಬರೀ ಎಒಡಿ. ನೆಲದಿಂದ ವಾತಾವರಣದ ತುದಿವರೆಗೆ ತೇಲುತ್ತಿರುವ ಧೂಳು, ಹೊಗೆ, ಉಪ್ಪಿನ ಕಣ ಎಲ್ಲ ಸೇರಿ ಬಿಸಿಲನ್ನು ಎಷ್ಟು ತಡೆಯುತ್ತವೆ ಎಂಬ ಲೆಕ್ಕ ಅದು. ಸೂರ್ಯ ನೆತ್ತಿಯ ಮೇಲಿರುವಾಗ ಎಒಡಿ 0.2 ಇದ್ದರೆ, ಆ ಕಣಗಳನ್ನು ದಾಟಿ ನೂರಕ್ಕೆ 82 ಪಾಲು ನೇರ ಬೆಳಕು ಕೆಳಗೆ ಬರುತ್ತದೆ. ಎಒಡಿ 1 ಆದರೆ 37 ಪಾಲು. 2 ಆದರೆ 14 ಪಾಲೂ ಬರುವುದಿಲ್ಲ. ಸಹಾರಾದಲ್ಲಿ 2 ಅಪರೂಪವೇನಲ್ಲ.

ನೆಲದ ಯಂತ್ರ: ಹೇಳುವುದು ಸ್ವಲ್ಪ, ಹೇಳಿದ್ದು ಗಟ್ಟಿ

ನೆಲದ ಕಡೆ ದೊಡ್ಡ ಹೆಸರು ಏರೋನೆಟ್. ನಾಸಾ ಮತ್ತು ಫ್ರಾನ್ಸಿನ ವಿಜ್ಞಾನಿಗಳು 1990ರ ದಶಕದಲ್ಲಿ ಕಟ್ಟಿದ ಜಾಲ. ಯಂತ್ರ ಫ್ರಾನ್ಸಿನ ಸಿಮೆಲ್ ಕಂಪನಿಯದು. ತಮನ್‌ರಸೆಟ್ ಅಲ್ಲದೆ ನೈಜರ್‌ನ ಬನಿಜುಂಬು, ಕೇಪ್ ವರ್ಡ್ ದ್ವೀಪ, ಇಸ್ರೇಲ್‌ನ ಸೆಡೆ ಬೊಕೆರ್, ಎಮಿರೇಟ್ಸ್‌ನ ಮೆಝೈರಾ, ನಮ್ಮ ಥಾರ್ ಅಂಚಿನ ಜೈಪುರ, ಹೀಗೆ ಮರುಭೂಮಿಗಳಲ್ಲೂ ಅಂಚುಗಳಲ್ಲೂ ಕೇಂದ್ರಗಳಿವೆ. ಅರೇಬಿಯಾದ ಹಳೆಯ ದಾಖಲೆ ಬೇಕಿದ್ದರೆ ರಿಯಾದ್ ಹತ್ತಿರದ ಸೋಲಾರ್ ವಿಲೇಜ್ ನೋಡಬಹುದು. ಡೇಟಾ ಎಲ್ಲ ಉಚಿತ.

ಯಂತ್ರ ಕೆಲಸ ಮಾಡುವುದನ್ನು ನೋಡುವುದೇ ಒಂದು ಚೆಂದ. ಕೆಲಸವಿಲ್ಲದಾಗ ಕೊಳವೆಯ ಬಾಯಿ ನೆಲಕ್ಕೆ ಮಾಡಿ ತಲೆ ತಗ್ಗಿಸಿ ನಿಂತಿರುತ್ತದೆ, ಒಳಗೆ ಧೂಳು ಹೋಗದಿರಲಿ ಅಂತ. ಹಳೆಯ ಮಾದರಿ ಸುಮಾರು 15 ನಿಮಿಷಕ್ಕೊಮ್ಮೆ, ಹೊಸದು ಇನ್ನೂ ಬೇಗ ಬೇಗ ಎಚ್ಚರವಾಗುತ್ತದೆ. ಗುಂಯ್ ಅಂತ ತಿರುಗಿ ಸೂರ್ಯನನ್ನು ಹುಡುಕಿ, ಒಂದೇ ನಿಮಿಷದ ಒಳಗೆ ಮೂರು ಸಲ ಅಳೆಯುತ್ತದೆ. ಮೂರು ಯಾಕೆ? ಮೋಡ ಹಿಡಿಯೋಕೆ. ಧೂಳು ನಿಧಾನವಾಗಿ ಬದಲಾಗುತ್ತದೆ, ಮೋಡ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಮೂರು ಅಂಕ ಒಂದಕ್ಕೊಂದು ಹೊಂದಿದರೆ ಧೂಳು, ಇಲ್ಲದಿದ್ದರೆ ಮೋಡ ಎಂದು ಆಚೆ ಹಾಕುತ್ತಾರೆ.

ಇದರ ಮೇಲೆ ಅಷ್ಟೊಂದು ನಂಬಿಕೆ ಯಾಕೆ ಅಂದರೆ, ಇದು ನೇರವಾಗಿ ಸೂರ್ಯನ ಬೆಳಕನ್ನೇ ಅಳೆಯುತ್ತದೆ. ಕೆಳಗಿನ ನೆಲ ಮರಳೋ, ಬಂಡೆಯೋ, ಹುಲ್ಲೋ, ಅದಕ್ಕೆ ಬೇಕಿಲ್ಲ. ಚೆನ್ನಾಗಿ ನೋಡಿಕೊಂಡ ಯಂತ್ರದಲ್ಲಿ ತಪ್ಪು ಹೆಚ್ಚೆಂದರೆ 0.01ರಿಂದ 0.02. ಇನ್ನೊಂದು ಲಾಭವೂ ಇದೆ. ಬೇರೆ ಬೇರೆ ಬಣ್ಣದ ಬೆಳಕಲ್ಲಿ ಅಳೆಯುವುದರಿಂದ ಕಣ ದಪ್ಪನೆಯದೋ ಸಣ್ಣದೋ ತಿಳಿಯುತ್ತದೆ. ಅದನ್ನು ಹೇಳುವ ಅಂಕಕ್ಕೆ ಆಂಗ್‌ಸ್ಟ್ರಾಮ್ ಅಂಕ ಅಂತ ಹೆಸರು. ಅದು ಸೊನ್ನೆಯ ಹತ್ತಿರವಿದ್ದರೆ ಅದು ಮರುಭೂಮಿಯ ಧೂಳು, ಒಂದೂವರೆ ದಾಟಿದರೆ ಹೊಗೆ. ಜೈಪುರದಂಥ ಕಡೆ ಇದು ತುಂಬಾ ಬೇಕಾಗುತ್ತದೆ. ಅಲ್ಲಿ ಮೇ, ಜೂನ್‌ನಲ್ಲಿ ಧೂಳು, ಚಳಿಗಾಲದಲ್ಲಿ ಹೊಗೆ. ಎಒಡಿ ಎರಡು ಕಾಲದಲ್ಲೂ ಒಂದೇ ಇರಬಹುದು, ಸರಕು ಬೇರೆ.

ಆದರೆ ಕಣ್ಣುಮುಚ್ಚಿ ನಂಬಬೇಡಿ. ಮರುಭೂಮಿಯಲ್ಲಿ ಈ ಯಂತ್ರದ ದೊಡ್ಡ ಶತ್ರು ಅದು ಅಳೆಯಬೇಕಾದ ಧೂಳೇ. ಗಾಜಿನ ಮೇಲೆ ಧೂಳು ಕೂತರೆ, ಕೊಳವೆಯೊಳಗೆ ಜೇಡ ಬಲೆ ಕಟ್ಟಿದರೆ, ಒಳಗೆ ಬರುವ ಬೆಳಕು ಕಡಿಮೆಯಾಗುತ್ತದೆ. ಯಂತ್ರ ಅದನ್ನೂ ಆಕಾಶದ ಧೂಳು ಅಂತಲೇ ಬರೆದುಕೊಳ್ಳುತ್ತದೆ. ಈ ಕಳ್ಳತನ ಹಿಡಿಯಲು ಒಂದು ಸುಲಭದ ದಾರಿ ಇದೆ. ಗಾಜು ಕೊಳೆಯಾದಾಗ ಬರುವ ತಪ್ಪು, ಸೂರ್ಯ ನೆತ್ತಿಗೆ ಹತ್ತಿರವಿರುವಾಗ ಅತಿ ದೊಡ್ಡದಾಗಿ ಕಾಣುತ್ತದೆ. ಬೆಳಗ್ಗೆ, ಸಂಜೆ ಬೆಳಕು ಹೆಚ್ಚು ಗಾಳಿಯನ್ನು ದಾಟಿ ಬರುವುದರಿಂದ ಅದೇ ತಪ್ಪು ಹಂಚಿ ಹೋಗುತ್ತದೆ. ಹಾಗಾಗಿ ದಿನದ ಎಒಡಿ ಗೆರೆ ದಿನವೂ ಮಧ್ಯಾಹ್ನಕ್ಕೆ ಸರಿಯಾಗಿ ಗುಬ್ಬಿಯ ಬೆನ್ನಿನ ಹಾಗೆ ಉಬ್ಬಿ ಇಳಿಯುತ್ತಿದ್ದರೆ ಗಾಳಿಯನ್ನಲ್ಲ, ಗಾಜನ್ನು ಅನುಮಾನಿಸಿ.

ಇದಕ್ಕೇ ಏರೋನೆಟ್ ಡೇಟಾ ಮೂರು ಮಟ್ಟದಲ್ಲಿ ಸಿಗುತ್ತದೆ. 1.0 ಹಸಿ ಸರಕು. 1.5ರಲ್ಲಿ ಮೋಡ ತೆಗೆದಿರುತ್ತಾರೆ. 2.0 ಅಂದರೆ ಯಂತ್ರವನ್ನು ವಾಪಸ್ ತರಿಸಿ ಮತ್ತೆ ಪರೀಕ್ಷೆ ಮಾಡಿದ ಮೇಲಿನ ಲೆಕ್ಕ. ಹೋಲಿಕೆಗೆ ಕೂರುವುದಾದರೆ 2.0 ತೆಗೆದುಕೊಳ್ಳಿ. ಈ ವಾರದ ಧೂಳು ನೋಡಬೇಕು ಅಂದರೆ 1.5ರಲ್ಲಿ ಸುಧಾರಿಸಿಕೊಳ್ಳಬೇಕು, 2.0 ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ಇನ್ನು ಕೊರತೆ. ಸಹಾರಾದ ವಿಸ್ತಾರ ಸುಮಾರು 90 ಲಕ್ಷ ಚದರ ಕಿಲೋಮೀಟರ್. ಅದರೊಳಗಿನ ಕೇಂದ್ರಗಳು ಬೆರಳೆಣಿಕೆ. ಚಾಡ್ ದೇಶದ ಬೊಡೆಲೆ ತಗ್ಗು ಭೂಮಿಯ ಮೇಲೆ ಅತಿ ಹೆಚ್ಚು ಧೂಳೆಬ್ಬಿಸುವ ಜಾಗಗಳಲ್ಲಿ ಒಂದು. ಅದು ಒಣಗಿದ ಹಳೆಯ ಕೆರೆಯ ತಳ, ಹಿಟ್ಟಿನಂಥ ಬಿಳಿ ಮಣ್ಣು. ಅಂಥ ಕಡೆ ವರ್ಷವಿಡೀ ಯಂತ್ರ ಇಟ್ಟು ನೋಡಿಕೊಳ್ಳುವವರು ಯಾರು? ಧೂಳು ಹುಟ್ಟುವಲ್ಲಿ ಜನ ಇರುವುದಿಲ್ಲ, ಜನ ಇರುವಲ್ಲಿ ಯಂತ್ರ ಇರುತ್ತದೆ.

ಉಪಗ್ರಹ: ತೊಂದರೆ ಧೂಳಿನದ್ದಲ್ಲ, ಮರಳಿನದ್ದು

ಸಾರಿಸಿದ ಅಂಗಳದಲ್ಲಿ ರಂಗೋಲಿ ಪುಡಿ ಚೆಲ್ಲಿದರೆ ದೂರದಿಂದಲೇ ಕಾಣುತ್ತದೆ. ಅದೇ ಪುಡಿ ಬಿಳಿ ಪಂಚೆ ಮೇಲೆ ಬಿದ್ದರೆ? ಉಪಗ್ರಹದ ಪಾಡು ಇದೇ. ಕಡಲ ಮೇಲೆ, ಕಾಡಿನ ಮೇಲೆ ಧೂಳು ಹಾದುಹೋದರೆ ಕೆಳಗೆ ಕಪ್ಪು, ಮೇಲೆ ಬೆಳಕು, ಲೆಕ್ಕ ಸುಲಭ. ಬೇಸಿಗೆಯಲ್ಲಿ ಅರೇಬಿಯಾದ ಧೂಳು ಅರಬ್ಬೀ ಸಮುದ್ರ ದಾಟಿ ನಮ್ಮ ಕರಾವಳಿಯ ಕಡೆ ಬರುವಾಗ ಉಪಗ್ರಹಕ್ಕೆ ಅಂಥ ಕಷ್ಟವಿಲ್ಲ. ಅದೇ ಧೂಳು ಮರುಭೂಮಿಯ ಮೇಲಿದ್ದಾಗ ಮರಳೂ ಹೊಳೆಯುತ್ತದೆ, ಧೂಳೂ ಹೊಳೆಯುತ್ತದೆ. ನೆಲದ ಹೊಳಪು ಒಂದು ಮಟ್ಟದಲ್ಲಿದ್ದರೆ ಧೂಳು ಬಂದರೂ ಹೋದರೂ ಉಪಗ್ರಹಕ್ಕೆ ಸಿಗುವ ಬೆಳಕು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಟೆರ್ರಾ ಮತ್ತು ಆಕ್ವಾ ಉಪಗ್ರಹಗಳಲ್ಲಿರುವ ಮೋಡಿಸ್ ಉಪಕರಣದ ಮೊದಲ ಲೆಕ್ಕಾಚಾರ, ಡಾರ್ಕ್ ಟಾರ್ಗೆಟ್, ಇದೇ ಕಾರಣಕ್ಕೆ ಮರುಭೂಮಿಯನ್ನು ಖಾಲಿ ಬಿಡುತ್ತಿತ್ತು. ಭೂಪಟದಲ್ಲಿ ಸಹಾರಾ ಬರೀ ತೂತು. 2004ರಲ್ಲಿ ಡೀಪ್ ಬ್ಲೂ ಎಂಬ ದಾರಿ ಬಂತು. ಅದರ ಹಿಂದಿನ ಯೋಚನೆ ಸರಳ. ಕೆಂಪು ಬೆಳಕಲ್ಲಿ ಬೆಳ್ಳಗೆ ಕಾಣುವ ಮರಳು ಗಾಢ ನೀಲಿಯಲ್ಲಿ, ಅಂದರೆ 412 ನ್ಯಾನೋಮೀಟರ್ ಹತ್ತಿರ, ಕಪ್ಪಗೆ ಕಾಣುತ್ತದೆ. ಪಂಚೆಗೆ ನೀಲಿ ಕನ್ನಡಕ ಹಾಕಿ ನೋಡಿದ ಹಾಗೆ. ಡೇಟಾ ಇಳಿಸಿಕೊಳ್ಳುವಾಗ ಡಾರ್ಕ್ ಟಾರ್ಗೆಟ್ ಕಾಲಮ್ ತೆಗೆದುಕೊಂಡು ‘ಮರುಭೂಮಿಯಲ್ಲಿ ಏನೂ ಇಲ್ಲ’ ಅಂದುಕೊಳ್ಳಬೇಡಿ. ಮರುಭೂಮಿಗೆ ಡೀಪ್ ಬ್ಲೂ. 2011ರಲ್ಲಿ ಹಾರಿದ ಸುಓಮಿ ಎನ್‌ಪಿಪಿ ಮತ್ತು ಅದರ ನಂತರದ ಉಪಗ್ರಹಗಳ ವಿರ್ಸ್ ಉಪಕರಣದಲ್ಲೂ ಇದೇ ಲೆಕ್ಕ ಮುಂದುವರಿದಿದೆ. ಮೋಡಿಸ್‌ಗೆ ವಯಸ್ಸಾಗಿದೆ, ಹೊಸದಾಗಿ ಶುರು ಮಾಡುವವರು ವಿರ್ಸ್ ಕಡೆ ಹೋಗುವುದೇ ಒಳ್ಳೆಯದು.

ಟೆರ್ರಾದಲ್ಲೇ ಮಿಸರ್ ಎಂಬ ಇನ್ನೊಂದು ಉಪಕರಣವಿದೆ. ನನಗೆ ಮರುಭೂಮಿಯ ಮಟ್ಟಿಗೆ ಇದರ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ. ಇದರಲ್ಲಿ 9 ಕ್ಯಾಮೆರಾ. ಒಂದು ನೇರ ಕೆಳಗೆ, ನಾಲ್ಕು ಮುಂದಕ್ಕೆ ಓರೆಯಾಗಿ, ನಾಲ್ಕು ಹಿಂದಕ್ಕೆ. ಒಂದೇ ಜಾಗವನ್ನು ಒಂಬತ್ತು ಕೋನದಿಂದ ಕೆಲವೇ ನಿಮಿಷಗಳ ಅಂತರದಲ್ಲಿ ನೋಡುತ್ತದೆ. ಓರೆಯಾಗಿ ನೋಡಿದಷ್ಟೂ ಧೂಳಿನ ಪದರ ದಪ್ಪವಾಗಿ ಕಾಣುತ್ತದೆ. ಆ ವ್ಯತ್ಯಾಸದಿಂದ ಮರಳಿನ ಹೊಳಪು ಯಾವುದು, ಧೂಳಿನದು ಯಾವುದು ಎಂದು ಬಿಡಿಸಬಹುದು. ಬೆಲೆ ಏನು? ಅದರ ನೋಟದ ಪಟ್ಟಿ ಸುಮಾರು 380 ಕಿಲೋಮೀಟರ್ ಅಗಲ ಮಾತ್ರ. ಮೋಡಿಸ್‌ನದು 2330. ಹಾಗಾಗಿ ಸಮಭಾಜಕದ ಹತ್ತಿರ ಇಡೀ ನೆಲವನ್ನು ನೋಡಿ ಮುಗಿಸಲು ಮಿಸರ್‌ಗೆ 9 ದಿನ ಬೇಕು. ವರ್ಷಗಳ ಸರಾಸರಿಗೆ ಮಿಸರ್ ಚೆನ್ನ, ನಿನ್ನೆಯ ಬಿರುಗಾಳಿಗೆ ಅಲ್ಲ.

ಬಿರುಗಾಳಿಗೆ ಬೇಕಾದದ್ದು ಭೂಸ್ಥಿರ ಉಪಗ್ರಹ, ಅಂದರೆ ಭೂಮಿಯ ಜೊತೆಗೇ ತಿರುಗುತ್ತಾ ಒಂದೇ ಜಾಗದ ಮೇಲೆ ನಿಂತಂತಿರುವುದು. ಯುರೋಪಿನ ಮೀಟಿಯೋಸ್ಯಾಟ್ 10–15 ನಿಮಿಷಕ್ಕೊಂದು ಚಿತ್ರ ಕೊಡುತ್ತದೆ, ರಾತ್ರಿಯೂ ಸಹ. ಶಾಖದ ಕಿರಣಗಳಿಂದ ಮಾಡಿದ ಆ ಚಿತ್ರದಲ್ಲಿ ಧೂಳು ಅಪ್ಪಟ ಗುಲಾಬಿ. ಒಂದು ಚಿಕ್ಕ ಚುಕ್ಕೆ ಹುಟ್ಟಿ, ಗಂಟೆಗಟ್ಟಲೆ ಬೆಳೆದು, ನೂರಾರು ಕಿಲೋಮೀಟರ್ ನಡೆಯುವುದನ್ನು ಕೂತಲ್ಲೇ ನೋಡಬಹುದು. ಆದರೆ ಗಾಳಿಯಲ್ಲಿ ನೀರಾವಿ ಹೆಚ್ಚಿದ್ದರೆ ಗುಲಾಬಿ ಮಂಕಾಗುತ್ತದೆ. ಚಿತ್ರದಲ್ಲಿ ಗುಲಾಬಿ ಇಲ್ಲ ಎಂದರೆ ಧೂಳೇ ಇಲ್ಲ ಎಂದರ್ಥವಲ್ಲ.

ಉಳಿದ ಎರಡನ್ನು ಬೇಗ ಹೇಳಿ ಮುಗಿಸುತ್ತೇನೆ. ನೇರಳಾತೀತ ಬೆಳಕಿನ ಏರೋಸಾಲ್ ಇಂಡೆಕ್ಸ್ 1978ರಿಂದ ಇದೆ, ಬೊಡೆಲೆಯಂಥ ಧೂಳಿನ ಮೂಲಗಳನ್ನು ಭೂಪಟದಲ್ಲಿ ಎತ್ತಿ ತೋರಿಸಿದ್ದು ಅದೇ. ಆದರೆ ಧೂಳು ಮೇಲಿದ್ದರೆ ಜೋರು, ಕೆಳಗಿದ್ದರೆ ಮೆಲ್ಲಗೆ ಹೇಳುತ್ತದೆ. ಇನ್ನೊಂದು ಲೈಡಾರ್. 2006ರಿಂದ 2023ರವರೆಗೆ ಕ್ಯಾಲಿಪ್ಸೋ ಉಪಗ್ರಹ ಲೇಸರ್ ಬಿಟ್ಟು ಧೂಳು ಎಷ್ಟು ಎತ್ತರದಲ್ಲಿದೆ ಅಂತ ಅಳೆಯಿತು. ಮೇ 2024ರಲ್ಲಿ ಹಾರಿದ ಅರ್ಥ್‌ಕೇರ್‌ನಲ್ಲೂ ಲೈಡಾರ್ ಇದೆ. ಎತ್ತರ ತಿಳಿಯಲು ಇದನ್ನು ಬಿಟ್ಟರೆ ಗತಿಯಿಲ್ಲ, ಆದರೆ ನೋಟ ದಾರದಷ್ಟು ತೆಳು.

ಎರಡನ್ನೂ ಎದುರುಬದುರು ಕೂರಿಸಿದಾಗ

ಈಗ 0.45 ಮತ್ತು 0.70ರ ಕಥೆಗೆ ಬರೋಣ. ಇವೆರಡನ್ನು ಹಾಗೇ ಕಳೆದು ‘ಉಪಗ್ರಹ 0.25 ಜಾಸ್ತಿ ಹೇಳುತ್ತದೆ’ ಅನ್ನುವಂತಿಲ್ಲ. ಯಂತ್ರ ನೋಡಿದ್ದು ಒಂದು ಸಣ್ಣ ಗೆರೆಯಷ್ಟು ಆಕಾಶ, ಹಲವು ಸಲ. ಉಪಗ್ರಹ ನೋಡಿದ್ದು ದೊಡ್ಡ ಚೌಕ, ಒಂದೇ ಕ್ಷಣ. ಅದಕ್ಕೆ ಒಂದು ವಾಡಿಕೆ ಇದೆ. ಕೇಂದ್ರದ ಸುತ್ತ 50 ಕಿಲೋಮೀಟರ್ ಚೌಕದ ಪಿಕ್ಸೆಲ್‌ಗಳ ಸರಾಸರಿ ಒಂದು ಕಡೆ, ಉಪಗ್ರಹ ಹಾದುಹೋದ ಹೊತ್ತಿಗೆ ಅರ್ಧ ಗಂಟೆ ಹಿಂದೆ ಮುಂದೆ ಯಂತ್ರ ಅಳೆದದ್ದರ ಸರಾಸರಿ ಇನ್ನೊಂದು ಕಡೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗಾಳಿ ಬೀಸಿದರೆ ಆ ಒಂದು ಗಂಟೆಯಲ್ಲಿ ಇಡೀ ಚೌಕದ ಧೂಳು ಯಂತ್ರದ ತಲೆ ಮೇಲೆ ಹಾದುಹೋಗಿರುತ್ತದೆ ಎಂಬ ಭಾವನೆ.

ಬಯಲಲ್ಲಿ ಇದು ನಡೆಯುತ್ತದೆ. ತಮನ್‌ರಸೆಟ್‌ನಲ್ಲಿ? ಯಂತ್ರ ಇರುವುದು ಸುಮಾರು 1370 ಮೀಟರ್ ಎತ್ತರದಲ್ಲಿ. ಪಕ್ಕದ ಹೊಗ್ಗರ್ ಬೆಟ್ಟಗಳಲ್ಲಿ ಅಸ್ಸೆಕ್ರೆಮ್ ಎಂಬ ಜಾಗ ಸುಮಾರು 2700 ಮೀಟರ್. ಉಪಗ್ರಹದ ಚೌಕದೊಳಗೆ ಬೆಟ್ಟ, ಕಣಿವೆ, ಕಪ್ಪು ಬಂಡೆ, ಬಿಳಿ ಮರಳು ಎಲ್ಲ ಕಲಸುಮೇಲೋಗರ. ಕಣಿವೆಯಲ್ಲಿ ನಿಂತ ಧೂಳು ಬೆಟ್ಟದ ಮೇಲೆ ಇಲ್ಲದಿರಬಹುದು. ಆ 0.25ರಲ್ಲಿ ಉಪಗ್ರಹದ ತಪ್ಪು ಎಷ್ಟು, ಊರಿನ ಭೂಗೋಳ ಎಷ್ಟು ಎಂದು ಒಂದೇ ದಿನ ನೋಡಿ ಹೇಳಲಾಗದು. ಒಂದು ವರ್ಷದ ಜೋಡಿಗಳನ್ನಾದರೂ ಸೇರಿಸಿ ನೋಡಬೇಕು.

ಬೆಳಕಿನ ಬಣ್ಣವನ್ನೂ ಹೊಂದಿಸಬೇಕು. ಉಪಗ್ರಹದ ಎಒಡಿ ಸಾಮಾನ್ಯವಾಗಿ 550 ನ್ಯಾನೋಮೀಟರ್‌ಗೆ. ಏರೋನೆಟ್ ಯಂತ್ರದಲ್ಲಿ 500 ಇದೆ, 550 ಇಲ್ಲ. ಅಪ್ಪಟ ಧೂಳಿನ ದಿನ ಇದರಿಂದ ಏನೂ ಆಗುವುದಿಲ್ಲ, 0.60 ಇದ್ದದ್ದು 0.59 ಆದೀತು. ಜೈಪುರದ ಹೊಗೆಯ ದಿನ ಆಂಗ್‌ಸ್ಟ್ರಾಮ್ ಅಂಕ 1.5 ಇದ್ದರೆ ಅದೇ 0.60, 550ಕ್ಕೆ ತಂದಾಗ 0.52. ಇಷ್ಟು ವ್ಯತ್ಯಾಸ ಉಪಗ್ರಹದ ತಲೆಗೆ ಕಟ್ಟಿದರೆ ಪಾಪ ಅಲ್ವಾ?

ನಾನು ಮೊದಲ ಸಲ ಮೋಡಿಸ್ ಫೈಲ್ ತೆರೆದು ಸರಾಸರಿ ತೆಗೆದಾಗ ಎಒಡಿ ಮೈನಸ್‌ನಲ್ಲಿ ಬಂದಿತ್ತು. ಧೂಳು ಮೈನಸ್ ಇರುವುದು ಹೇಗೆ? ಆಮೇಲೆ ನೋಡಿದರೆ ಲೆಕ್ಕ ಸಿಗದ ಪಿಕ್ಸೆಲ್‌ಗಳಲ್ಲಿ -9999 ಅಂತ ತುಂಬಿರುತ್ತಾರೆ, ನಾನು ಅದನ್ನೂ ಕೂಡಿಸಿಬಿಟ್ಟಿದ್ದೆ. ಮೈನಸ್ ಬಂತು, ಹಾಗಾಗಿ ಸಿಕ್ಕಿಬಿದ್ದೆ. ಪ್ರತಿ ಪಿಕ್ಸೆಲ್ ಜೊತೆಗಿರುವ ಗುಣಮಟ್ಟದ ಗುರುತು ನೋಡದೆ ಎಲ್ಲ ಪಿಕ್ಸೆಲ್ ಸೇರಿಸಿದರೆ ಬರುವ ತಪ್ಪು ಹೀಗೆ ಕೂಗಿ ಹೇಳುವುದಿಲ್ಲ.

ಹೋಲಿಕೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ತೊಡಕು ಬೇರೆ. ಎರಡೂ ನೋಡಿದ ದಿನಗಳು ಮಾತ್ರ ಹೋಲಿಕೆಗೆ ಸಿಗುತ್ತವೆ. ಎರಡೂ ನೋಡದ ದಿನಗಳೇ ಮರುಭೂಮಿಯ ದೊಡ್ಡ ದಿನಗಳು. ದಟ್ಟ ಧೂಳನ್ನು ಉಪಗ್ರಹ ಮೋಡ ಅಂದುಕೊಂಡು ಬಿಡಬಹುದು. ನೆಲದ ಯಂತ್ರಕ್ಕೆ ಸೂರ್ಯನೇ ಕಾಣುವುದಿಲ್ಲ. 2018ರ ಮೇ 2ರ ರಾಜಸ್ಥಾನ, ಉತ್ತರ ಪ್ರದೇಶದ ಧೂಳು ಬಿರುಗಾಳಿ ನೆನಪಿರಬಹುದು, ನೂರಕ್ಕೂ ಹೆಚ್ಚು ಜನ ಸತ್ತರು. ಅದು ಬಂದದ್ದು ಸಂಜೆ, ರಾತ್ರಿ. ಟೆರ್ರಾ ಬೆಳಗ್ಗೆ ಹತ್ತೂವರೆ ಸುಮಾರಿಗೆ, ಆಕ್ವಾ ಮಧ್ಯಾಹ್ನ ಒಂದೂವರೆ ಸುಮಾರಿಗೆ ಹಾದುಹೋಗಿ ಆಗಿತ್ತು. ಸನ್ ಫೋಟೋಮೀಟರ್‌ಗೆ ಸೂರ್ಯ ಮುಳುಗಿದ್ದ. ಸಹಾರಾದಲ್ಲೂ ಬೇಸಿಗೆಯ ಹಬೂಬ್‌ಗಳು, ಅಂದರೆ ಗುಡುಗು ಮಳೆಯ ತಣ್ಣನೆ ಗಾಳಿ ನುಗ್ಗಿ ಎಬ್ಬಿಸುವ ಧೂಳಿನ ಗೋಡೆಗಳು, ಸಂಜೆ ರಾತ್ರಿಯಲ್ಲೇ ಜಾಸ್ತಿ, ಅದೂ ಮೋಡದ ಅಡಿಯಲ್ಲಿ. 2011ರ ಜೂನ್‌ನಲ್ಲಿ ಫೆನ್ನೆಕ್ ಎಂಬ ಅಧ್ಯಯನದವರು ಅಲ್ಜೀರಿಯಾದ ಗಡಿಯ ಬೋರ್ಜ್ ಬಾಜಿ ಮೊಖ್ತಾರ್‌ನಲ್ಲಿ ಉಪಕರಣ ಇಟ್ಟು ಕೂತಾಗ, ಮೇಲಿನಿಂದ ಕಾಣದೆ ಹೋಗುವ ಇಂಥ ಧೂಳು ಕಣ್ಣಿಗೆ ಬಿತ್ತು. ಹಾಗಾಗಿ ‘ಉಪಗ್ರಹ ಮತ್ತು ನೆಲದ ಲೆಕ್ಕ ಚೆನ್ನಾಗಿ ಹೊಂದಿತು’ ಅಂತ ಯಾರಾದರೂ ಬರೆದರೆ, ಎಷ್ಟು ದಿನ ಕೈಬಿಟ್ಟು ಹೊಂದಿತು ಅಂತ ಮೊದಲು ಕೇಳಿ.

ಇನ್ನೊಂದು ಮಾತು. ಉಪಗ್ರಹದ ಸೂತ್ರಗಳನ್ನು ತಿದ್ದಿ ತೀಡುವುದಕ್ಕೂ ಏರೋನೆಟ್ ದಾಖಲೆಗಳನ್ನೇ ಬಳಸುತ್ತಾರೆ. ಪಾಠ ಹೇಳಿಕೊಟ್ಟ ಮೇಷ್ಟ್ರೇ ಪರೀಕ್ಷೆ ಮಾಡಿ ಅಂಕವನ್ನೂ ಕೊಟ್ಟ ಹಾಗೆ. ಕೇಂದ್ರದ ಹತ್ತಿರ ಬಂದ ಒಳ್ಳೆಯ ಅಂಕ, ಕೇಂದ್ರವೇ ಇಲ್ಲದ ಬೊಡೆಲೆಯಲ್ಲೂ ಬಂದೀತು ಅನ್ನುವ ಖಾತ್ರಿ ಇಲ್ಲ.

ಹಾಗಾದರೆ ಯಾವುದು?

ಉಸಿರಾಟಕ್ಕೆ ಸಂಬಂಧಿಸಿದ ಪ್ರಶ್ನೆಯಾದರೆ ಇಲ್ಲಿಯವರೆಗೆ ಹೇಳಿದ ಎರಡನ್ನೂ ಪಕ್ಕಕ್ಕಿಟ್ಟು ಪಿಎಂ10, ಅಂದರೆ 10 ಮೈಕ್ರಾನಿನವರೆಗಿನ ಸಣ್ಣ ಕಣ, ಅಳೆಯುವ ಯಂತ್ರ ಹುಡುಕಿ. ಅದು ನೆಲಮಟ್ಟದ ಗಾಳಿಯನ್ನು ಎಳೆದುಕೊಂಡು ಕಣದ ತೂಕ ನೋಡುತ್ತದೆ. ಎಒಡಿಯಿಂದ ಅದನ್ನು ಊಹಿಸಲು ಹೋದವರು ಕೇಪ್ ವರ್ಡ್ ನೋಡಬೇಕು. ಬೇಸಿಗೆಯಲ್ಲಿ ಸಹಾರಾದ ಧೂಳು ಆ ದ್ವೀಪಗಳ ಮೇಲೆ ಕಿಲೋಮೀಟರ್‌ಗಟ್ಟಲೆ ಎತ್ತರದಲ್ಲಿ ಅಟ್ಲಾಂಟಿಕ್ ಕಡೆ ಸಾಗುತ್ತದೆ. ಎಒಡಿ ಜೋರು, ಕೆಳಗಿನ ಗಾಳಿ ಅಷ್ಟು ಕೆಟ್ಟಿರುವುದಿಲ್ಲ. ಚಳಿಗಾಲದಲ್ಲಿ ಧೂಳು ನೆಲಕ್ಕೆ ಹತ್ತಿರ ಬರುತ್ತದೆ. ಆಗ ಎಒಡಿ ಕಡಿಮೆ, ಮೂಗಿಗೆ ಧೂಳು ಜಾಸ್ತಿ. ಬನಿಜುಂಬುವಿನಿಂದ ಸೆನೆಗಲ್‌ನ ಎಂಬೂರ್‌ವರೆಗೆ, ಸಹಾರಾದ ದಕ್ಷಿಣ ಅಂಚಿನ ಸಹೇಲ್ ಪಟ್ಟಿಯಲ್ಲಿ 2006ರಿಂದ ಪಿಎಂ10 ಯಂತ್ರಗಳನ್ನೂ ಫೋಟೋಮೀಟರ್‌ಗಳನ್ನೂ ಜೊತೆಜೊತೆಗೆ ಇಟ್ಟಿರುವುದು ಇದೇ ಕಾರಣಕ್ಕೆ.

ಸೌರ ವಿದ್ಯುತ್ತಿನವರ ಕಥೆ ಎರಡು ಥರ. ಕನ್ನಡಿ ಇಟ್ಟು ಬಿಸಿಲನ್ನು ಒಂದೇ ಕಡೆ ಕೂಡಿಸುವ ಸ್ಥಾವರಕ್ಕೆ, ಮೊರಾಕೊದ ಊರ್ಜಾಜಾತ್‌ನಲ್ಲಿರುವಂಥದ್ದಕ್ಕೆ, ನೇರ ಬಿಸಿಲೇ ಜೀವ. ಅಲ್ಲಿ ಜಾಗದಲ್ಲೇ ನೆಲದ ಯಂತ್ರ ಇರಬೇಕು, ಸ್ಥಳ ಆರಿಸುವಾಗ ಮಾತ್ರ ಉಪಗ್ರಹದ ವರ್ಷಗಳ ಸರಾಸರಿ ಸಾಕು. ರಾಜಸ್ಥಾನದ ಭಡ್ಲಾದಂಥ ಕಡೆ ಪ್ಯಾನೆಲ್ ಮೇಲೆ ಕೂರುವ ಧೂಳಿನ ಚಿಂತೆ ಇದ್ದರೆ ಎಒಡಿ ಕೈಕೊಡುತ್ತದೆ. ತೇಲುವ ಧೂಳು ಬೇರೆ, ಕೂರುವ ಧೂಳು ಬೇರೆ. ಒರೆಸಿದ ಪ್ಯಾನೆಲ್ ಪಕ್ಕ ಒರೆಸದ ಪ್ಯಾನೆಲ್ ಇಟ್ಟು ವಿದ್ಯುತ್ ಅಳೆಯುವುದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಧೂಳು ಎಲ್ಲಿಂದ ಏಳುತ್ತದೆ ಎಂದು ಹುಡುಕುವವರಿಗೆ ಉಪಗ್ರಹವೇ ಗತಿ. ಇಲ್ಲಿ ಹೊತ್ತು ಮುಖ್ಯ. ಬೊಡೆಲೆಯಲ್ಲಿ ರಾತ್ರಿ ನೆಲಕ್ಕಿಂತ ಸ್ವಲ್ಪ ಮೇಲೆ ಜೋರು ಗಾಳಿ ಹರಿಯುತ್ತಿರುತ್ತದೆ. ಬಿಸಿಲೇರಿ ಗಾಳಿ ಕಲಕಿದಾಗ ಅದು ಕೆಳಗಿಳಿದು ಬೆಳಗಿನ ಹೊತ್ತು ಧೂಳೆಬ್ಬಿಸುತ್ತದೆ. ಮಧ್ಯಾಹ್ನದ ಉಪಗ್ರಹಕ್ಕೆ ಕಾಣುವಷ್ಟರಲ್ಲಿ ಧೂಳು ಗಾಳಿಯ ಜೊತೆ ದೂರ ಹೋಗಿರುತ್ತದೆ. ಮೂಲ ಅಲ್ಲ, ದಾರಿ ಕಾಣುತ್ತದೆ. ಮೀಟಿಯೋಸ್ಯಾಟ್ ಚಿತ್ರಗಳನ್ನು ಹಿಂದಕ್ಕೆ ಓಡಿಸಿ ನೋಡಿದರೆ ಹುಟ್ಟಿದ ಚುಕ್ಕೆ ಸಿಗುತ್ತದೆ.

20 ವರ್ಷದಲ್ಲಿ ಧೂಳು ಹೆಚ್ಚಿತೋ ಕಡಿಮೆಯಾಯಿತೋ ಅಂತ ನೋಡುವವರು ಇದನ್ನೇ ಇನ್ನೊಂದು ಬಗೆಯಲ್ಲಿ ನೆನಪಿಡಬೇಕು. ಟೆರ್ರಾ ಹಾದುಹೋಗುವ ಹೊತ್ತು ಈಚಿನ ವರ್ಷಗಳಲ್ಲಿ ಹಿಂದಕ್ಕೆ, ಆಕ್ವಾದ್ದು ಮುಂದಕ್ಕೆ ಜಾರುತ್ತಿದೆ, ಎರಡರಲ್ಲೂ ಕಕ್ಷೆ ಸರಿಪಡಿಸುವುದನ್ನು ನಿಲ್ಲಿಸಿದ್ದಾರೆ. ಗಂಟೆಗಂಟೆಗೂ ಬದಲಾಗುವ ಧೂಳನ್ನು ಬೇರೆ ಬೇರೆ ಗಂಟೆಯಲ್ಲಿ ಅಳೆದು ‘ಬದಲಾಯಿತು’ ಅಂದರೆ ಬದಲಾದದ್ದು ಗಡಿಯಾರವೂ ಇರಬಹುದು. ಅಂಥ ಕೆಲಸಕ್ಕೆ ಉಪಗ್ರಹದ ಗೆರೆಯ ಪಕ್ಕದಲ್ಲೇ ಒಂದೆರಡು ಹಳೆಯ ನೆಲದ ಕೇಂದ್ರಗಳ ಗೆರೆಯನ್ನೂ ಎಳೆಯದೆ ಮುಂದೆ ಹೋಗಬೇಡಿ.

ನಮ್ಮ ಕಡೆಯಿಂದ ಥಾರ್ ನೋಡುವವರಿಗೆ ಏರೋನೆಟ್‌ನ ಜೈಪುರದ ಜೊತೆಗೆ ಗಾಳಿಯ ಕಣ ಅಳೆಯುವ ಇಸ್ರೋದ ಆರ್ಫಿ ಜಾಲವೂ ಇದೆ, ಜೋಧಪುರ ಅದರಲ್ಲಿದೆ. ನಮ್ಮ ಚಿತ್ರದುರ್ಗದ ಚಳ್ಳಕೆರೆಯಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಾಗದಲ್ಲಿ ಹವಾಮಾನ ವೀಕ್ಷಣೆ ನಡೆಯುತ್ತದೆ. ಮರುಭೂಮಿ ಅಲ್ಲ, ಒಣ ಬಯಲು.

ಕೈಯಾರೆ ಮಾಡಿ ನೋಡಬೇಕು ಅನಿಸಿದರೆ ದೊಡ್ಡದಾಗಿ ಶುರು ಮಾಡಬೇಡಿ. ಒಂದು ಕೇಂದ್ರ, ಒಂದು ಬೇಸಿಗೆ ತಿಂಗಳು. ಏರೋನೆಟ್‌ನ ಅಂಕಗಳನ್ನು ಗಂಟೆವಾರು ಚುಕ್ಕೆಗಳಾಗಿ ಇಡಿ. ಅದರ ಮೇಲೆ ಡೀಪ್ ಬ್ಲೂ ಅಂಕಗಳನ್ನು ಬೇರೆ ಬಣ್ಣದಲ್ಲಿ ಇಡಿ. ಹೊಂದಿದ ಚುಕ್ಕೆಗಳನ್ನು ಆಮೇಲೆ ನೋಡಿದರಾಯಿತು. ಎರಡೂ ಬಣ್ಣ ಇಲ್ಲದ ಖಾಲಿ ದಿನಗಳ ತಾರೀಖು ಬರೆದುಕೊಂಡು, ಆ ದಿನಗಳ ಮೀಟಿಯೋಸ್ಯಾಟ್ ಚಿತ್ರ ತೆರೆಯಿರಿ.